ಊಟದ ಮೇಜಿಗೆ ಮೇಣಬಟ್ಟೆಯೋ, ಪಾರದರ್ಶಕ ಶೀಟೋ?

ಎರಡು ವರ್ಷ ಬೇರೆ ಬೇರೆ ಹಾಸುಗಳನ್ನು ಬಳಸಿ ನೋಡಿ, ಕೊನೆಗೆ ಅಜ್ಜನ ಕಾಲದ ಸಾಗುವಾನಿ ಮೇಜಿಗೆ ಮತ್ತೆ ಮೇಣಬಟ್ಟೆಯನ್ನೇ ಹಾಸಿದ್ದೇನೆ.

ದಪ್ಪನೆಯ ಪಾರದರ್ಶಕ ಪಿವಿಸಿ ಶೀಟನ್ನು ಕೊಂಡದ್ದು ಮರದ ಗೆರೆಗಳು ಕಾಣಲಿ ಎಂಬ ಆಸೆಯಿಂದ. ದಾವಣಗೆರೆಯ ಏಪ್ರಿಲ್ ಸೆಕೆ ಕಳೆದ ಮೇಲೆ, ಮನೆ ಸ್ವಚ್ಛಗೊಳಿಸಲೆಂದು ಅದರ ಮೂಲೆ ಹಿಡಿದು ಎತ್ತಿದಾಗ, ಮೇಜಿನ ಪಾಲಿಶ್ ಸಿಪ್ಪೆಯಂತೆ ಎದ್ದು ಅದರ ಜೊತೆಗೇ ಬಂತು. ಪಿವಿಸಿಯನ್ನು ಮೃದುವಾಗಿಡಲು ಬೆರೆಸುವ ಎಣ್ಣೆಯಂಥ ದ್ರವ್ಯವು ನಿಧಾನವಾಗಿ ಹೊರಗೆ ಜಿನುಗಿ ಕೆಳಗಿನ ವಾರ್ನಿಷನ್ನು ಮೆತ್ತಗಾಗಿಸುತ್ತದೆ. ಸೆಕೆ ಹೆಚ್ಚಿದಷ್ಟೂ ಇದು ಬೇಗ ಆಗುತ್ತದೆ.

ಬಡಗಿಯವರು ಉಪ್ಪುಕಾಗದದಿಂದ ಉಜ್ಜಿ ಮರುಪಾಲಿಶ್ ಮಾಡಲು 2,200 ರೂಪಾಯಿ ತೆಗೆದುಕೊಂಡರು. ಶೀಟಿನ ಬೆಲೆಯೇ 900 ಆಗಿತ್ತು. ನಡುವೆ ತೆಳುವಾದ ಬಟ್ಟೆ ಹಾಸಬೇಕಿತ್ತೆಂದು ಅಂಗಡಿಯವರು ಆಮೇಲೆ ಹೇಳಿದರು. ಮರ ಕಾಣಲೆಂದೇ ಕೊಂಡ ಶೀಟಿನಡಿ ಬಟ್ಟೆ ಹಾಸುವುದಾದರೆ ಅದನ್ನು ಕೊಳ್ಳುವುದೇಕೆ? ಮರುಪಾಲಿಶ್ ಮಾಡಿಸಿದರೂ ಅಜ್ಜ ಕೂರುತ್ತಿದ್ದ ಕಡೆ ಅಂಗೈಯಗಲದ ಮಸುಕು ಉಳಿದೇ ಇದೆ, ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಹೂವಿನ ಚಿತ್ರದ ತೆಳು ಪ್ಲಾಸ್ಟಿಕ್ ಹಾಸು ಮೂರೇ ತಿಂಗಳಲ್ಲಿ ಸುಕ್ಕುಗಟ್ಟಿತು.

ಹಿಂದೆ ಹತ್ತಿಬಟ್ಟೆಗೆ ಕಾಯಿಸಿದ ಅಗಸೆ ಎಣ್ಣೆಯನ್ನು ಪದರ ಪದರವಾಗಿ ಬಳಿದು ಒಣಗಿಸಿ ಮೇಣಬಟ್ಟೆ ಮಾಡುತ್ತಿದ್ದರು. ನಾವು ಚಟ್ನಿಪುಡಿಗೆ ಹುರಿಯುವ ಅಗಸೆಯೇ ಅದು. ಅದರ ಎಣ್ಣೆಗೆ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವ ಗುಣವಿದೆ. ನಮ್ಮ ಮನೆಯಲ್ಲಿದ್ದದ್ದು ನೀಲಿ ಚೌಕಳಿಯದು. ಮೇಜಿನ ಅಂಚಿನಲ್ಲಿ ಅದರ ಬಣ್ಣ ಬಿರಿದು ಬಿಳಿ ನೂಲು ಇಣುಕುತ್ತಿತ್ತು, ಊಟ ಬಡಿಸುವವರೆಗೂ ನಾನು ಆ ಚಕ್ಕೆಗಳನ್ನು ಉಗುರಿನಿಂದ ಎಬ್ಬಿಸುತ್ತ ಕೂರುತ್ತಿದ್ದೆ. "ಕೀಳಬ್ಯಾಡೋ ಮಗಾ" ಎಂದು ಅಜ್ಜಿ ಕೈ ಸರಿಸುತ್ತಿದ್ದರು.

ಈಗ ಅದೇ ಹೆಸರಿನಲ್ಲಿ ನನಗೆ ಸಿಕ್ಕಿದ್ದು ಹತ್ತಿ ನೇಯ್ಗೆಗೆ ಪಿವಿಸಿ ಲೇಪಿಸಿದ ಬಟ್ಟೆ. ಅಗಸೆ ಎಣ್ಣೆಯ ಆ ವಾಸನೆ ಅದಕ್ಕಿಲ್ಲ. ಆದರೆ ಮೇಜಿಗೆ ತಾಗುವುದು ಹತ್ತಿಯ ಬದಿಯಾದ್ದರಿಂದ ಈ ಬೇಸಿಗೆಯಲ್ಲಿ ಎಲ್ಲಿಯೂ ಅಂಟಲಿಲ್ಲ. ಒಗ್ಗರಣೆ ಮಂಡಕ್ಕಿಯ ಅರಿಶಿನವನ್ನು ಕೂಡಲೇ ಒರೆಸಬೇಕು, ರಾತ್ರಿಯಿಡೀ ಬಿಟ್ಟರೆ ಹಳದಿ ಉಳಿಯುತ್ತದೆ. ಒಲೆಯಿಂದ ಇಳಿಸಿದ ಪಾತ್ರೆಯನ್ನು ನೇರವಾಗಿ ಇಡುವಂತಿಲ್ಲ. ತೆಗೆದಿಡುವಾಗ ಮಡಿಸದೆ ಸುರುಳಿ ಸುತ್ತಬೇಕು.

ದಿನಕ್ಕೆ ಮೂರು ಹೊತ್ತೂ ಮೇಜಿನ ಮೇಲೆ ಉಣ್ಣುವ, ಇಬ್ಬರು ಮಕ್ಕಳಿರುವ ನಮ್ಮ ಮನೆಗೆ ಇಷ್ಟು ಜತನ ಹೊರೆಯಲ್ಲ. ಮಂಡಿಪೇಟೆಯಲ್ಲಿ ಮೀಟರಿಗೆ 260 ರೂಪಾಯಿಯಂತೆ ಎರಡು ಮೀಟರ್ ತಂದೆ. ನೀಲಿ ಚೌಕಳಿ ಮೂರು ಅಂಗಡಿ ಹುಡುಕಿದರೂ ಸಿಗಲಿಲ್ಲ; ಸದ್ಯಕ್ಕೆ ಹಸಿರು ಹಾಸಿದ್ದೇನೆ.