ಹೋಲ್ ಬರ್ನಿಂಗ್, ಫೋಟಾನ್ ಎಕೋ, ಒಂಟಿ ಅಣು: ಯಾರ ಅಂಕಿ ಯಾವಾಗ ನಂಬಬೇಕು?

ರೆಸೊರುಫಿನ್ ಬಣ್ಣವನ್ನು ಎಥನಾಲ್‌ನಲ್ಲಿ ಕರಗಿಸಿ, ಗಾಜಾಗುವಂತೆ ತಣಿಸಿ, 1.5 ಕೆಲ್ವಿನ್ ಆಸುಪಾಸಿನಲ್ಲಿ ಅದು ಬೆಳಕು ಹೀರುವ ರೇಖೆಯ ಅಗಲ ಅಳೆಯಿರಿ. ಫೋಟಾನ್ ಎಕೋ (ಬೆಳಕಿನ ಪಲ್ಸ್‌ಗಳಿಗೆ ಮಾದರಿ ತಿರುಗಿ ಕೊಡುವ ಬೆಳಕಿನ ಮಾರ್ದನಿ) ಒಂದು ಅಂಕಿ ಕೊಡುತ್ತದೆ, ಹೋಲ್ ಬರ್ನಿಂಗ್ (ಹೀರಿಕೆಯ ಪಟ್ಟಿಯಲ್ಲಿ ಲೇಸರಿನಿಂದ ಕಿರಿದಾದ ಕುಳಿ ಸುಡುವುದು) ಅದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದನ್ನು ಕೊಡುತ್ತದೆ. ಸ್ಟಾನ್‌ಫರ್ಡ್‌ನಲ್ಲಿ ಮೈಕೆಲ್ ಫೇಯರ್ ಅವರ ತಂಡ 1980ರ ದಶಕದಲ್ಲೇ ಇದನ್ನು ತೋರಿಸಿತು. ಎರಡೂ ಸರಿ, ಗಡಿಯಾರಗಳಷ್ಟೇ ಬೇರೆ: ಎಕೋದ್ದು ಕ್ಷಿಪ್ರ, ಹೋಲ್ ಬರ್ನಿಂಗ್‌ನದು ನಿಧಾನ. ಗಾಜಿನೊಳಗೆ ಅಣುಗಳ ಪುಟ್ಟ ಗುಂಪುಗಳು ಎರಡು ನೆಲೆಗಳ ನಡುವೆ ಟನೆಲಿಂಗ್ (ತಡೆಯನ್ನು ಹತ್ತದೆ ದಾಟುವ ಕ್ವಾಂಟಂ ಜಿಗಿತ) ಮಾಡುತ್ತಿರುತ್ತವೆ; ಒಂದೊಂದು ಮಗುಚಿದಾಗಲೂ ಪಕ್ಕದ ಬಣ್ಣದ ಅಣುವಿನ ಆವೃತ್ತಿ ಚೂರು ಸರಿಯುತ್ತದೆ. ಕೆಲವು ನ್ಯಾನೊಸೆಕೆಂಡಿನಲ್ಲಿ ಮಗುಚುತ್ತವೆ, ಕೆಲವಕ್ಕೆ ದಿನಗಳೇ ಬೇಕು. ಹಾಗಾಗಿ ಕಾದಷ್ಟೂ ರೇಖೆ ಅಗಲವಾಗುತ್ತದೆ, ಹೆಚ್ಚುಕಡಿಮೆ ಕಾಲದ ಲಾಗರಿದಮ್ಮಿಗೆ ತಕ್ಕಂತೆ.

ಸಲಕರಣೆಯ ಖರ್ಚು ನೋಡಿದರೆ ಮೊದಲು ಕೈ ಹಾಕಬೇಕಾದದ್ದು ಹೋಲ್ ಬರ್ನಿಂಗ್. 1 ಮೆಗಾಹರ್ಟ್ಸ್ ಅಗಲದ ರಿಂಗ್ ಡೈ ಲೇಸರ್, ದ್ರವ ಹೀಲಿಯಂ ಕ್ರಯೊಸ್ಟಾಟ್, ಆಪ್ಟಿಕಲ್ ಡೆನ್ಸಿಟಿ (ಬೆಳಕನ್ನು ಎಷ್ಟು ಹೀರುತ್ತದೆಂಬ ಅಳತೆ) 0.3ರಿಂದ 0.5ರ ಮಾದರಿ ಇದ್ದರೆ ಸಾಕು. ಬರೀ ಎಥನಾಲ್ ನಿಧಾನಕ್ಕೆ ತಣಿದರೆ ಹರಳುಗಟ್ಟಿ ಹಾಲಿನಂತೆ ಬೆಳ್ಳಗಾಗುತ್ತದೆ. ನಾಲ್ಕು ಪಾಲು ಎಥನಾಲಿಗೆ ಒಂದು ಪಾಲು ಮೆಥನಾಲ್ ಬೆರೆಸಿ, ತೆಳು ಕೋಶದಲ್ಲಿ ತುಂಬಿ, ಬೇಗ ತಣಿಸಿದರೆ ತಿಳಿಯಾದ ಗಾಜು ಸಿಗುತ್ತದೆ. ದಪ್ಪ ಕೋಶ ಬಿರುಕು ಬಿಡುತ್ತದೆ, ಬಿರುಕಿನಿಂದ ಚದುರಿದ ಬೆಳಕು ಡಿಟೆಕ್ಟರ್ ತುಂಬಿಕೊಳ್ಳುತ್ತದೆ. ಹೀಲಿಯಂ 2.17 ಕೆಲ್ವಿನ್‌ಗಿಂತ ಕೆಳಗಿರಲಿ. ಮೇಲಿದ್ದರೆ ಗುಳ್ಳೆಗಳು ಕಿರಣವನ್ನು ಅಲ್ಲಾಡಿಸುತ್ತವೆ.

ಇಲ್ಲಿ ಹೆಚ್ಚಾಗಿ ಎಡವುವುದು ಆಳದಲ್ಲಿ. ಚೆನ್ನಾಗಿ ಕಾಣಲಿ ಎಂದು ಶೇ 30 ಆಳದ ಹೋಲ್ ಸುಟ್ಟರೆ ಅದು ತಾನಾಗಿಯೇ ಅಗಲವಾಗುತ್ತದೆ. ಶೇ 5ರ ಒಳಗೆ ಸುಡಿ. ಮೂರು ನಾಲ್ಕು ಡೋಸ್‌ಗಳಲ್ಲಿ (ಸುಡುವ ಬೆಳಕಿನ ಬೇರೆ ಬೇರೆ ಪ್ರಮಾಣಗಳಲ್ಲಿ) ಸುಟ್ಟು ಅಗಲವನ್ನು ಸೊನ್ನೆ ಡೋಸ್‌ಗೆ ಹಿಂದಕ್ಕೆ ಎಳೆದು ನೋಡುವುದು ಇನ್ನೂ ಒಳ್ಳೆಯದು. ಓದುವಾಗ ಸುಟ್ಟ ಶಕ್ತಿಯ ನೂರನೇ ಒಂದು ಪಾಲು ಸಾಕು, ಇಲ್ಲವಾದರೆ ಓದುವ ಬೆಳಕೇ ಮತ್ತೆ ಸುಡುತ್ತದೆ. ಹೋಲ್‌ನ ಅಗಲ ಏಕರೂಪ ಅಗಲದ (ಒಂದೊಂದು ಅಣುವಿನ ರೇಖೆಯ ಸ್ವಂತ ಅಗಲದ) ಎರಡು ಪಟ್ಟು, ಅದರ ಮೇಲೆ ಲೇಸರಿನ ಅಗಲವೂ ಎರಡು ಸಲ ಸೇರುತ್ತದೆ; ಇದನ್ನು ಕಳೆಯದ ಅಂಕಿಗಳು ಬೇಕಾದಷ್ಟಿವೆ. ಗಂಟೆಗಟ್ಟಲೆ ಒಂದೇ ಹೋಲ್ ಹಿಂಬಾಲಿಸುವುದಾದರೆ ಪಕ್ಕದಲ್ಲೊಂದು ಅಯೋಡಿನ್ ಕೋಶ ಇಡಿ, ಲೇಸರ್ ಎಷ್ಟು ಜಾರಿತೆಂದು ಗೊತ್ತಾಗುತ್ತದೆ. ಆಗಷ್ಟೇ ತಣಿದ ಗಾಜು ಇನ್ನೂ ಸಮತೋಲನಕ್ಕೆ ಬಂದಿರುವುದಿಲ್ಲ, ಮೊದಲ ದಿನದ ಅಗಲೀಕರಣದಲ್ಲಿ ಅದರ ಪಾಲೂ ಇರುತ್ತದೆ.

ಎಕೋಗೆ ಲೇಸರ್ ಆವೃತ್ತಿ ಜಾರುವ ಚಿಂತೆಯಿಲ್ಲ, ಪಿಕೊಸೆಕೆಂಡ್ ಪಲ್ಸ್‌ಗಳು ಬೇಕು. ಎರಡು-ಪಲ್ಸ್ ಎಕೋದ ತೀವ್ರತೆ ವಿಳಂಬದೊಡನೆ 100 ಪಿಕೊಸೆಕೆಂಡ್ ಸ್ಥಿರಾಂಕದಲ್ಲಿ ಕುಸಿದರೆ ಟಿ-2 (ಅಣುಗಳು ಒಂದೇ ತಾಳ ಉಳಿಸಿಕೊಳ್ಳುವ ಕಾಲ) ಅದರ ನಾಲ್ಕು ಪಟ್ಟು, ಅಂದರೆ 400. ಏಕರೂಪ ಅಗಲ ಸುಮಾರು 0.8 ಗಿಗಾಹರ್ಟ್ಸ್. ನಾಲ್ಕರ ಗುಣಾಂಕ ಮರೆತವರ ಲೆಕ್ಕ ಅಷ್ಟೇ ಪಟ್ಟು ತಪ್ಪುತ್ತದೆ. ಮೂರು-ಪಲ್ಸ್‌ನಲ್ಲಿ ಎರಡನೆಯ ಮತ್ತು ಮೂರನೆಯ ಪಲ್ಸ್‌ಗಳ ನಡುವೆ ಕಾಯುವ ಅವಧಿ ಹಿಗ್ಗಿಸಿದರೆ ಅಗಲ ಬೆಳೆಯುವುದು ಕಾಣುತ್ತದೆ. ಬಣ್ಣಕ್ಕೆ ಟ್ರಿಪ್ಲೆಟ್ ಸ್ಥಿತಿ (ಹೆಚ್ಚು ಹೊತ್ತು ಉಳಿಯುವ ಉದ್ರಿಕ್ತ ಸ್ಥಿತಿ) ಇದ್ದರೆ ಮಿಲಿಸೆಕೆಂಡಿನವರೆಗೂ ಹೋಗಬಹುದು. ದೊಡ್ಡ ಕಿರಿಕಿರಿ ಬಿಸಿ: ಪಲ್ಸ್‌ನ ಶಕ್ತಿ ಫೋನಾನ್‌ಗಳಾಗಿ (ಗಾಜಿನ ಕಂಪನಗಳಾಗಿ) ಗಾಜಿಗಿಳಿದು, ಬಿಸಿಯೇ ರೇಖೆಯನ್ನು ಅಗಲಿಸುತ್ತದೆ. ಪಲ್ಸ್ ಶಕ್ತಿ ಅರ್ಧಕ್ಕಿಳಿಸಿ ಮತ್ತೆ ಅಳೆಯಿರಿ. ಅಂಕಿ ಬದಲಾದರೆ ಹಳೆಯ ದತ್ತಾಂಶ ಕಸದಬುಟ್ಟಿಗೆ.

ಒಂಟಿ ಅಣುವಿನ ಹಾದಿಯನ್ನು 1989ರಲ್ಲಿ ವಿಜ್ಞಾನಿಗಳಾದ ಮೋರ್ನರ್ ಮತ್ತು ಕಾಡೋರ್, ಪಿ-ಟರ್ಫೀನೈಲ್ ಹರಳಿನೊಳಗಿನ ಪೆಂಟಸೀನ್ ಅಣುಗಳಿಂದ ತೆರೆದರು. ಪಾಲಿಐಸೊಬ್ಯುಟಿಲೀನ್ ತೆಳುಪದರದಲ್ಲಿ ಟೆರಿಲೀನ್‌ನಂಥ ಬಣ್ಣವನ್ನು ಅತಿ ಕಡಿಮೆ ಸಾಂದ್ರತೆಯಲ್ಲಿಟ್ಟು, ಸೆಕೆಂಡಿಗೊಂದರಂತೆ ನೂರು ಸ್ಕ್ಯಾನ್ ಒಂದರ ಕೆಳಗೊಂದು ಪೇರಿಸಿದರೆ, ರೇಖೆ ಎರಡು ಆವೃತ್ತಿಗಳ ನಡುವೆ ಕುಪ್ಪಳಿಸುವುದು ಕಣ್ಣಿಗೇ ಬೀಳುತ್ತದೆ. ಸರಾಸರಿಯ ಹಿಂದೆ ಅಡಗಿದ್ದ ಟನೆಲಿಂಗ್ ಗುಂಪೊಂದು ಇಲ್ಲಿ ನೇರ ಸಿಗುತ್ತದೆ. ಈ ಖುಷಿ ಮಿಕ್ಕೆರಡರಲ್ಲಿ ಇಲ್ಲ. ಆದರೆ ಈ ವಿಧಾನದಲ್ಲೊಂದು ಬಲೆಯಿದೆ: ಸ್ಕ್ಯಾನ್ ಮುಗಿಯುವಷ್ಟರಲ್ಲಿ ಜಿಗಿದುಹೋಗುವ ಅಣುಗಳು ರೇಖೆಯಾಗಿ ಕಾಣುವುದೇ ಇಲ್ಲ. ಉಳಿದವು ಶಾಂತ ಅಣುಗಳು, ಅವುಗಳ ಅಗಲದ ಹಂಚಿಕೆ ಕಿರಿದಾಗಿ ತೋರುತ್ತದೆ. ಸ್ಕ್ಯಾನ್ ವೇಗ ಹತ್ತು ಪಟ್ಟು ಬದಲಿಸಿ, ಸಿಕ್ಕುವ ಅಣುಗಳ ಸಂಖ್ಯೆ ಏರುತ್ತದೆಯೇ ಎಂದು ಎಣಿಸಿಯೇ ಹಂಚಿಕೆಯ ಚಿತ್ರ ಬರೆಯಬೇಕು.