ನೂರಡಿ ರಸ್ತೆಯ ಮುದ್ದೆ ಗಾಡಿ: ಬಸ್ಸಾರಿಗೆ ಪೂರ್ತಿ ಮಾರ್ಕ್ಸ್, ತಟ್ಟೆಗೆ ಇಲ್ಲ

ಮಂಡ್ಯದ ನೂರಡಿ ರಸ್ತೆಗೆ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಒಂದು ಟಾಟಾ ಏಸ್ ಬಂದು ನಿಲ್ಲುತ್ತದೆ. ಬೋರ್ಡಿಲ್ಲ, ಹೆಸರಿಲ್ಲ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಿರುತ್ತಾರೆ. ಯಾಕೆ ಅಂತ ಮುದ್ದೆ ತೊಳಸುವಾಗ ಗೊತ್ತಾಗುತ್ತದೆ. ಅಣ್ಣ ಕವೆಗೋಲಲ್ಲಿ ಪಾತ್ರೆ ಅದುಮಿ ಹಿಡಿದು ಕೋಲು ತಿರುವಿದರೆ ಇಡೀ ಗಾಡಿ ತೂಗುತ್ತದೆ. ಮೇಲೆ ನೇತುಹಾಕಿದ ಸೌಟುಗಳೂ ಜೊತೆಗೆ ಕುಣಿಯುತ್ತವೆ.

ನಾನು ವಕೀಲರ ಆಫೀಸಿನಲ್ಲಿ ಟೈಪಿಂಗ್ ಮಾಡುವವಳು. ಹತ್ತು ವರ್ಷದ ಹಿಂದೆ ಗಾಡಿ ಮುಂದೆ ನಿಂತು ಊಟ ಮಾಡೋದಿರಲಿ, ಪಾರ್ಸೆಲ್ ಕೇಳೋಕೂ ನಾಚಿಕೆ ಆಗುತ್ತಿತ್ತು. ಗಾಡಿ ಊಟ ಅಂದರೆ ಆಟೋದವರಿಗೆ, ಹಮಾಲಿಗಳಿಗೆ ಅಂತಲೇ ಲೆಕ್ಕ. ಪಾನಿಪುರಿಗೆ ಮಾತ್ರ ಹೇಗೋ ವಿನಾಯಿತಿ ಇತ್ತು! ಈಗ ನೋಡಿ, ಬ್ಯಾಂಕಿನ ಹುಡುಗಿಯರು ಕೊರಳಲ್ಲಿ ಐಡಿ ಕಾರ್ಡ್ ನೇತಾಡುತ್ತಿರುವಾಗಲೇ ಮುದ್ದೆ ನುಂಗುತ್ತಾರೆ. ಕಾರಿನವರು ಇಳಿಯದೆ ಕಿಟಕಿಯಿಂದಲೇ "ನಾಲ್ಕು ಪಾರ್ಸೆಲ್" ಅಂತ ಕೂಗುತ್ತಾರೆ. ಅದೊಂದು ಬೇರೆ ತಲೆನೋವು.

ಬಸ್ಸಾರಿನ ವಿಷಯ ಹೇಳಲೇಬೇಕು. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟು ತೆಳ್ಳಗಿರುತ್ತದೆ. ಎಷ್ಟೋ ಹೋಟೆಲುಗಳಲ್ಲಿ ಅದಕ್ಕೆ ಖಾರದ ಪುಡಿ ಹಾಕಿ ಮುಗಿಸುತ್ತಾರೆ. ಇಲ್ಲಿ ಬೇಯಿಸಿದ ಕಾಳನ್ನೇ ಒಂದು ಹಿಡಿ ಮಸಾಲೆ ಜೊತೆ ರುಬ್ಬುತ್ತಾರೆ. ಸಾರು ಮುದ್ದೆಗೆ ಅಂಟಿಕೊಳ್ಳುತ್ತದೆ. ಪಲ್ಯದಲ್ಲಿ ಬೆಳ್ಳುಳ್ಳಿ ಜಾಸ್ತಿ, ಕಾಯಿತುರಿ ಕೈ ಬಿಚ್ಚಿ ಹಾಕಿರುತ್ತಾರೆ. ಅವರೆಕಾಯಿ ಕಾಲದಲ್ಲಿ ಹಿದುಕಿದ ಬೇಳೆ ಸಾರು ಇರುತ್ತದೆ, ಒಂದು ಗಂಟೆಯೊಳಗೆ ಖಾಲಿ. ಮುದ್ದೆಯಲ್ಲಿ ಒಂದು ಗಂಟಿಲ್ಲ. ಅನ್ನ ಸುಮಾರು. ಮಜ್ಜಿಗೆ ನೀರು ನೀರು. ಎಲ್ಲ ಸೇರಿ 70 ರೂಪಾಯಿ.

ಗಾಡಿಗಳ ಮೇಲೆ ನನಗೆ ನಂಬಿಕೆ ಬಂದಿದ್ದು ಅಡುಗೆ ಕಣ್ಣೆದುರಿಗೇ ಆಗುತ್ತದೆ ಅಂತ. ಹೋಟೆಲಿನ ಅಡುಗೆಮನೆ ನಾವು ಯಾವತ್ತಾದರೂ ನೋಡಿದ್ದೀವಾ? ಈ ಗಾಡಿಯ ಗಾಜಿಗೆ 14 ಅಂಕಿಯ ಆಹಾರ ಸುರಕ್ಷತೆ ನಂಬರ್ ಕೂಡ ಅಂಟಿಸಿದ್ದಾರೆ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂದಮೇಲೆ, ನಾನು ಹೋಗುವ ಸಂಜೆ ಗಾಡಿಯ ಗೋಬಿ ಕೆಂಪಿನಿಂದ ಕಂದು ಬಣ್ಣಕ್ಕೆ ತಿರುಗಿತು. ನನ್ನ ಮಗನಿಗೆ ಮಾತ್ರ ಇನ್ನೂ ಸಮಾಧಾನ ಇಲ್ಲ.

ಆದರೆ ತಟ್ಟೆ! ಸ್ಟೀಲ್ ತಟ್ಟೆ ಮೇಲೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಹೊಗೆಯಾಡುವ ಮುದ್ದೆ ಇಡುತ್ತಾರೆ. ಹಾಳೆ ಮುದುಡಿಕೊಂಡು ಮುದ್ದೆಯ ತಳಕ್ಕೆ ಅಂಟುತ್ತದೆ. ಈ ಥರದ ಪ್ಲಾಸ್ಟಿಕ್ ರಾಜ್ಯದಲ್ಲಿ 2016ರಲ್ಲೇ ನಿಷೇಧ ಆಗಿದೆ, ಅಲ್ವಾ? ಕೇಳಿದರೆ, "ತೊಳಿಯಾಕೆ ಅಷ್ಟು ನೀರು ಎಲ್ಲಿಂದ ತರ್ಲಿ ಅಕ್ಕ?" ಅಂದರು. ಅವರ ಕಷ್ಟ ಸುಳ್ಳಲ್ಲ, ಗಾಡಿಯಲ್ಲಿರೋದು ಎರಡೇ ಕ್ಯಾನ್ ನೀರು. ಬಾಳೆ ಎಲೆ ತುಂಡು ಹಾಕಿ, ಐದು ರೂಪಾಯಿ ಜಾಸ್ತಿ ತಗೊಳ್ಳಿ ಅಂದೆ. ನಕ್ಕು ಸುಮ್ಮನಾದರು.

ಅಲ್ಲಿವರೆಗೆ ನಾನು ಬ್ಯಾಗಿನಲ್ಲಿ ಮನೆ ತಟ್ಟೆ ಒಯ್ಯುತ್ತಿದ್ದೇನೆ. ನೀವೂ ಒಯ್ಯಿರಿ. ಒಂದೂವರೆ ಒಳಗೆ ಹೋಗಿ, ಆಮೇಲೆ ಪಲ್ಯ ಸಿಗಲ್ಲ. ಭಾನುವಾರ ಗಾಡಿ ಬರುವುದಿಲ್ಲ.