ಸುರಂಗದ ಎರಡು ಬ್ಯಾಕ್ಟೀರಿಯಾ, ಗುರುತು ಹಿಡಿಯಲು ನಾಲ್ಕು ದಾರಿ

ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ಮನೆ. ಅಡಿಕೆ ತೋಟದ ಮೇಲಿನ ಗುಡ್ಡದಲ್ಲಿ ಅಜ್ಜ ಕೊರೆಸಿದ ಸುರಂಗ ಇದೆ. ಮುರಕಲ್ಲಿನ ಗೋಡೆಯಿಂದ ಒಸರುವ ನೀರೇ ನಮಗೆ ಕುಡಿಯಲು, ತೋಟಕ್ಕೆ ಎಲ್ಲ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಆ ಗೋಡೆಯ ಲೋಳೆಯನ್ನು ಹತ್ತಿಯಲ್ಲಿ ಒರೆಸಿ ತಂದು ಪ್ಲೇಟಿನಲ್ಲಿ ಬೆಳೆಸಿದೆ. ಬಂದದ್ದರಲ್ಲಿ ಎರಡನ್ನು ಇಟ್ಟುಕೊಂಡೆ. ಒಂದು ಬೆಳ್ಳಗೆ, ಸುಟ್ಟ ಹಪ್ಪಳದ ಹಾಗೆ ಸುಕ್ಕುಸುಕ್ಕು. ಇನ್ನೊಂದು ಹಣ್ಣಡಿಕೆಯ ಹಳದಿ ಬಣ್ಣ, ನುಣುಪು. ಇವು ಯಾವುವು ಅಂತ ತಿಳಿಯಲು ಒಟ್ಟು ನಾಲ್ಕು ದಾರಿ ಹಿಡಿದೆ. ಅದೇ ಕೆಲಸಕ್ಕೆ ಇಳಿಯುವವರಿಗೆ ನನ್ನ ಅನುಭವ ಉಪಯೋಗಕ್ಕೆ ಬಂದೀತು.

ಮೊದಲನೆಯದು ಹಳೇ ದಾರಿ: ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವುದು, ಆಮೇಲೆ ಸಕ್ಕರೆ, ಸಿಟ್ರೇಟ್, ಕ್ಯಾಟಲೇಸ್ ಪರೀಕ್ಷೆಗಳು. ಗ್ರಾಂ ಬಣ್ಣ 1884ರದ್ದು, ಇವತ್ತಿಗೂ ಕೆಲಸ ಶುರುವಾಗುವುದು ಅಲ್ಲಿಂದಲೇ. ಕೋಶದ ಗೋಡೆ ನೇರಳೆ ಬಣ್ಣ ಹಿಡಿದಿಟ್ಟುಕೊಂಡರೆ ಗ್ರಾಂ ಪಾಸಿಟಿವ್, ಬಿಟ್ಟು ಗುಲಾಬಿಯಾದರೆ ಗ್ರಾಂ ನೆಗೆಟಿವ್. ನಾನು ಎಡವಿದ್ದೂ ಅಲ್ಲೇ. ಬಿಳಿಯದ್ದು ಗುಲಾಬಿ ಕಂಡಿತು, ಗ್ರಾಂ ನೆಗೆಟಿವ್ ಅಂತ ಬರೆದುಕೊಂಡು ಒಂದು ವಾರ ತಪ್ಪು ಪರೀಕ್ಷೆಗಳನ್ನು ಮಾಡಿದೆ. ಲ್ಯಾಬಿನ ಸೀನಿಯರ್ ಅಕ್ಕ ಕೇಳಿದರು, "ಹಳೇ ಪ್ಲೇಟಿಂದ ತೆಗೆದದ್ದು ಅಲ್ವಾ?" ಹೌದು, ನಾಲ್ಕು ದಿನದ್ದು. ವಯಸ್ಸಾದ ಗ್ರಾಂ ಪಾಸಿಟಿವ್ ಕೋಶಗಳು ನೇರಳೆ ಬಣ್ಣವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ರಾತ್ರಿ ಹಾಕಿ ಬೆಳಗ್ಗೆ ತೆಗೆದ ಹೊಸ ಬೆಳೆಯಲ್ಲಿ ನೋಡಿದರೆ ಅಚ್ಚ ನೇರಳೆ ಕಡ್ಡಿಗಳು. ಕೆಲವದರ ನಡುವೆ ಬಣ್ಣ ಹಿಡಿಯದ ಮೊಟ್ಟೆಯಾಕಾರದ ಚುಕ್ಕೆ, ಅದು ಬೀಜಕ.

ಅವರು ಇನ್ನೊಂದು ಸುಲಭದ ಪರೀಕ್ಷೆಯನ್ನೂ ತೋರಿಸಿದರು. ಸ್ಲೈಡಿನ ಮೇಲೆ ಶೇ. 3ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ. ಅದರಲ್ಲಿ ಸ್ವಲ್ಪ ಬ್ಯಾಕ್ಟೀರಿಯಾ ಕಲಸಿ ಲೂಪನ್ನು (ತುದಿಯಲ್ಲಿ ಕುಣಿಕೆ ಇರುವ ತಂತಿ) ಮೆಲ್ಲ ಎತ್ತಬೇಕು. ಹಳದಿಯದ್ದು ಬೆಂಡೆಕಾಯಿ ಲೋಳೆಯ ಹಾಗೆ ಎಳೆಯಾಗಿ ಮೇಲೆ ಬಂತು. ಗ್ರಾಂ ನೆಗೆಟಿವ್‌ನ ಗೋಡೆ ಒಡೆದು ಡಿಎನ್‌ಎ ಹೊರಬರುವುದರಿಂದ ಹಾಗೆ. ಬಿಳಿಯದ್ದು ನೀರಾಗಿಯೇ ಉಳಿಯಿತು. ಇದೇ ರಾಸಾಯನಿಕವನ್ನು ಶೇ. 20ರಷ್ಟು ಗಟ್ಟಿಯಾಗಿ ಹಳದಿಯದ್ದರ ಮೇಲೆ ಬಿಟ್ಟಾಗ ಕಣ್ಣೆದುರೇ ಕೆಂಪು ಕಂದು ಬಣ್ಣಕ್ಕೆ ತಿರುಗಿತು. ಫ್ಲೆಕ್ಸಿರುಬಿನ್ ಎಂಬ ಬಣ್ಣದ ಗುರುತು ಅದು. ಕ್ರೈಸಿಯೋಬ್ಯಾಕ್ಟೀರಿಯಂ ಗುಂಪಿನ ಕಡೆಗೆ ಮೊದಲ ಸುಳಿವು ಸಿಕ್ಕಿದ್ದು ಹೀಗೆ, ಒಂದು ರೂಪಾಯಿ ಜಾಸ್ತಿ ಖರ್ಚಿಲ್ಲದೆ.

ಆದರೆ ಈ ದಾರಿಗೆ ಒಂದು ಮಿತಿ ಇದೆ. ಗೊತ್ತಿರುವ ಬ್ಯಾಕ್ಟೀರಿಯಾಗಳ ಪಟ್ಟಿಯ ಜೊತೆ ಹೋಲಿಸುತ್ತೇವೆ. ಹೊಸದು ಪಟ್ಟಿಯಲ್ಲಿ ಇರುವುದೇ ಇಲ್ಲ, ಹಾಗಾಗಿ ಹತ್ತಿರದ ಯಾವುದೋ ಹೆಸರಿಗೆ ಜೋತು ಬೀಳುತ್ತೇವೆ.

ಎರಡನೆಯದು ಮಾಲ್ಡಿ-ಟಾಫ್ ಯಂತ್ರ. ಆಸ್ಪತ್ರೆ ಲ್ಯಾಬಿನಲ್ಲಿರುವ ಗೆಳತಿ ಹಾಕಿಕೊಟ್ಟಳು. ಪ್ರೋಟೀನುಗಳ ತೂಕದ ನಕ್ಷೆ ನಿಮಿಷಗಳಲ್ಲಿ ಬರುತ್ತದೆ. ಅದನ್ನು ಯಂತ್ರದ ಸಂಗ್ರಹದಲ್ಲಿರುವ ನಕ್ಷೆಗಳ ಜೊತೆ ಹೋಲಿಸಿದಾಗ ಅಂಕ 2ಕ್ಕಿಂತ ಮೇಲಿದ್ದರೆ ಪ್ರಭೇದದ ಹೆಸರನ್ನು ನಂಬಬಹುದು. ಬಿಳಿಯದ್ದು ಬ್ಯಾಸಿಲಸ್ ಅಂತ ಬಂತು, ಹಳದಿಗೆ 1.7ಕ್ಕಿಂತ ಕೆಳಗೆ, ಅಂದರೆ ಗುರುತಿಲ್ಲ. ರೋಗಿಗಳ ಮಾದರಿಗೆ ಇದು ಚಿನ್ನ. ಗುಡ್ಡದ ಮಣ್ಣು, ನೀರಿನ ಜೀವಿಗಳಿಗೆ ಅದರ ಸಂಗ್ರಹ ಸಾಲದು.

ಮೂರನೆಯದು 16ಎಸ್. ಪ್ರೋಟೀನು ತಯಾರಿಸುವ ರೈಬೋಸೋಮಿನ ಈ ಜೀನು ಡಿಎನ್‌ಎಯ ಸುಮಾರು 1,500 ಅಕ್ಷರ ಉದ್ದ, ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುತ್ತದೆ. ಕಾರ್ಲ್ ವೋಸ್ 1977ರಲ್ಲಿ ಆರ್ಕಿಯಾ ಎಂಬ ಬೇರೆಯೇ ಕವಲನ್ನು ಗುರುತಿಸಿದ್ದು ಇದರ ಆರ್‌ಎನ್‌ಎ ಹೋಲಿಸಿಯೇ. ನಾನು ಮೊದಲು ಕೊಟ್ಟ ಲ್ಯಾಬು ಒಂದು ಬದಿಯಿಂದ ಮಾತ್ರ ಓದಿ ಸುಮಾರು 750 ಅಕ್ಷರ ಕಳಿಸಿತು, ಜೊತೆಗೆ "ಶೇ. 99.3 ಹೋಲಿಕೆ" ಎಂಬ ಒಂದು ಸಾಲು. ಹಳದಿಯದ್ದು ಹೊಸದಲ್ಲ ಅಂತ ಅದನ್ನು ಎತ್ತಿಡಲು ಹೊರಟಿದ್ದೆ. ಮನಸ್ಸು ಒಪ್ಪಲಿಲ್ಲ. ಬೇರೆ ಕಡೆ ಎರಡೂ ಬದಿಯಿಂದ ಓದಿಸಿ, ಜೋಡಿಸಿ, ಅಧಿಕೃತ ಮಾದರಿ ತಳಿಗಳ (ಪ್ರತಿ ಪ್ರಭೇದದ ಹೆಸರಿಗೆ ಆಧಾರವಾದ ತಳಿ) ಜೊತೆ ಮಾತ್ರ ಹೋಲಿಸಿದೆ. ಬಂದದ್ದು ಶೇ. 98.2. ಶೇ. 98.7ಕ್ಕಿಂತ ಕೆಳಗಿದ್ದರೆ ಹೊಸ ಪ್ರಭೇದ ಎಂದು ಅನುಮಾನಿಸಬಹುದು. ಅರ್ಧ ಜೀನು ನೋಡಿ ಯಾರೂ ತೀರ್ಮಾನ ಮಾಡಬೇಡಿ, ದಯವಿಟ್ಟು.

ಬಿಳಿಯದ್ದರಲ್ಲಿ 16ಎಸ್ ಕೈಕೊಟ್ಟಿತು. ಬ್ಯಾಸಿಲಸ್‌ನ ಪ್ರಭೇದಗಳಾದ ಸಬ್ಟಿಲಿಸ್, ವೆಲೆಜೆನ್ಸಿಸ್, ಅಮೈಲೋಲಿಕ್ವಿಫೇಸಿಯನ್ಸ್ ಮೂರಕ್ಕೂ ಶೇ. 99ಕ್ಕಿಂತ ಜಾಸ್ತಿ ಹೋಲಿಕೆ. ಬ್ಯಾಸಿಲಸ್‌ಗಳಲ್ಲಿ ಇದು ಮಾಮೂಲು. ಆಂತ್ರಾಕ್ಸ್ ತರುವ ಬ್ಯಾಸಿಲಸ್, ಹುಳಗಳಿಗೆ ಸಿಂಪಡಿಸುವ ಬಿಟಿ, ಅನ್ನ ಕೆಡಿಸುವ ಬ್ಯಾಸಿಲಸ್ ಸೀರಿಯಸ್, ಈ ಮೂರನ್ನೂ 16ಎಸ್ ಬೇರೆ ಮಾಡಲಾರದು. ಎಷ್ಟು ದೊಡ್ಡ ವ್ಯತ್ಯಾಸ ಅದು, ಅಲ್ವಾ?

ನಾಲ್ಕನೆಯದು ಇಡೀ ಜೀನೋಮ್, ಅಂದರೆ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಪೂರ್ತಿ ಓದಿಸುವುದು. ಖರ್ಚು 16ಎಸ್‌ನ ಹಲವು ಪಟ್ಟು, ಅದಕ್ಕೇ ಕೊನೆಗೆ ಇಟ್ಟುಕೊಂಡಿದ್ದೆ. ಇಲ್ಲಿ ಎಎನ್‌ಐ ಎಂಬ ಅಳತೆ ಇದೆ, ಎರಡು ಜೀನೋಮ್‌ಗಳ ಸಮಾನ ಭಾಗಗಳ ಸರಾಸರಿ ಹೋಲಿಕೆ. ಶೇ. 95–96ಕ್ಕಿಂತ ಮೇಲಿದ್ದರೆ ಒಂದೇ ಪ್ರಭೇದ. ಬಿಳಿಯದ್ದು ವೆಲೆಜೆನ್ಸಿಸ್ ಜೊತೆ 98 ದಾಟಿತು, ಗೊಂದಲ ಒಂದೇ ಸಲಕ್ಕೆ ಮುಗಿಯಿತು. ಹಳದಿಗೆ ಅತಿ ಹತ್ತಿರದ ತಳಿಯ ಜೊತೆಗೂ 84. ಕಂಪ್ಯೂಟರಿನಲ್ಲಿ ಮಾಡುವ ಡಿಎನ್‌ಎ ಜೋಡಣೆಯ ಲೆಕ್ಕದಲ್ಲಿ 28, ಒಂದೇ ಪ್ರಭೇದ ಎನ್ನಲು ಬೇಕಾದ ಗಡಿ 70. ಆ ಸಂಜೆ ಅಮ್ಮನಿಗೆ ಫೋನ್ ಮಾಡಿ ಹೇಳಿದೆ, "ನಮ್ಮ ಸುರಂಗದ್ದು ಹೊಸದೇ ಅಮ್ಮ."

ದುಡ್ಡು ಒಂದಕ್ಕೇ ಸಾಲುವುದಾದರೆ ಯಾವುದು? ಬ್ಯಾಸಿಲಸ್ ಅಂತ ಗೊತ್ತಾದರೆ 16ಎಸ್ ಬಿಟ್ಟು ನೇರ ಜೀನೋಮ್‌ಗೆ ಹೋಗಿ. ಏನೂ ಗೊತ್ತಿಲ್ಲದ ಇಪ್ಪತ್ತು ಮಾದರಿ ಇದ್ದರೆ ಪೂರ್ತಿ ಉದ್ದದ 16ಎಸ್‌ನಲ್ಲಿ ಸೋಸಿ, ಅನುಮಾನ ಬಂದದ್ದಕ್ಕೆ ಮಾತ್ರ ಜೀನೋಮ್ ಮಾಡಿಸಿ. ಹಳೇ ಪರೀಕ್ಷೆಗಳನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಎಷ್ಟು ಬಿಸಿಯಲ್ಲಿ, ಎಷ್ಟು ಉಪ್ಪಿನಲ್ಲಿ ಬೆಳೆಯುತ್ತದೆ ಅಂತ ಬರೆಯದೆ ಹೊಸ ಪ್ರಭೇದದ ವಿವರಣೆ ಪೂರ್ತಿಯಾಗುವುದಿಲ್ಲ.

ಈಗ ಹಳದಿಯದ್ದನ್ನು ಹತ್ತಿರದ ಮಾದರಿ ತಳಿಗಳ ಪಕ್ಕದಲ್ಲೇ ಬೆಳೆಸಿ ಅದೇ ಪರೀಕ್ಷೆಗಳನ್ನು ಮತ್ತೆ ಮಾಡುತ್ತಿದ್ದೇನೆ. ಹೆಸರಿಗೆ ಮಾನ್ಯತೆ ಸಿಗಲು ಜೀವಂತ ತಳಿಯನ್ನು ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇಡಬೇಕು, ಆ ಕಾಗದಪತ್ರ ಇನ್ನೂ ಬಾಕಿ. ಕಳೆದ ವಾರ ಮನೆಗೆ ಹೋದಾಗ ಸುರಂಗದ ಗೋಡೆಯಿಂದ ಮತ್ತೊಂದು ಸಲ ಲೋಳೆ ತಂದೆ. ಮೂರನೇ ದಿನ ಪ್ಲೇಟಿನ ಅಂಚಿನಲ್ಲಿ ಅದೇ ಹಣ್ಣಡಿಕೆಯ ಬಣ್ಣ ಕಂಡಿತು.